ಐತವಾರದ ಖೂನಿಗೆ ಅರ್ಥ ಹೇಳಿದವರು

ಹೋದ ಚಳಿಗಾಲದಲ್ಲಿ ಅಫಜಲಪುರದ ಕಡೆ ಒಂದು ಮದುವೆಗೆ ಹೊರಟಿದ್ದೆ. ಭೂಸನೂರಿನ ಸಕ್ಕರೆ ಕಾರ್ಖಾನೆಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಅಡ್ಡ ಬಂದು ಕಾರು ನಿಂತಿತು. ಗಾಜು ಇಳಿಸಿದೆ. ಕಾಕಂಬಿಯ ವಾಸನೆ ಒಳಗೆ ನುಗ್ಗಿತು. ಸಿಹಿಯೂ ಹುಳಿಯೂ ಒಟ್ಟಿಗೆ ಕೊಳೆತಂಥ, ಅಂಗಿಗೆ ಅಂಟಿಕೊಂಡರೆ ಎರಡು ಸಲ ಒಗೆಯಬೇಕಾದಂಥ ವಾಸನೆ. ಡ್ರೈವರ್ ಮೂಗು ಮುಚ್ಚಿಕೊಂಡ. ನನಗೆ ಮಾತ್ರ ನಮ್ಮೂರ ಪಂಚಾಯ್ತಿಯ ಕೋಣೆ, ಅದರೊಳಗಿನ ಟಿ.ವಿ., ಅದರ ಮುಂದೆ ಹಲ್ಲು ಕಡಿಯುತ್ತ ಕೂತ ಜನ ಕಣ್ಣಿಗೆ ಕಟ್ಟಿದರು. ಹಳೆಯ ನೆನಪು ಬಂದಾಗ ಮನಸ್ಸು ಮೆತ್ತಗಾಗುತ್ತದೆ ಎಂದು ಬರೆಯುವವರಿದ್ದಾರೆ. ನನಗೆ ಸಿಟ್ಟು ಬಂತು.

ಆ ವಾಸನೆಯ ವಿಷಯದಲ್ಲೂ ನನಗೆ ನಂಬಿಕೆಯಿಲ್ಲ. ನಮ್ಮೂರು ಆಳಂದದಿಂದ ಮಟಕಿಯ ಕಡೆ ಹೋದರೆ ಸಿಗುತ್ತದೆ. ಗಾಳಿ ಎಷ್ಟೇ ಬೀಸಿದರೂ ಭೂಸನೂರಿನ ಕಾಕಂಬಿ ಅಲ್ಲಿಯವರೆಗೆ ನಾರಲಾರದು. ನಾನು ಹೇಳಹೊರಟ ಚಳಿಗಾಲದಲ್ಲಿ ಕಾರ್ಖಾನೆ ಕಬ್ಬು ನುರಿಸುತ್ತಿತ್ತೋ ಇಲ್ಲವೋ ಅದೂ ಖಾತ್ರಿಯಿಲ್ಲ. ಆದರೂ ಆ ಐತವಾರಗಳನ್ನು ನೆನೆದಾಗಲೆಲ್ಲ ಮೂಗಿಗೆ ಬರುವುದು ಅದೇ. ಬಹುಶಃ ಬೇರೆ ಯಾವುದೋ ವರ್ಷದ ವಾಸನೆಯನ್ನು ತಂದು ಆ ವರ್ಷಕ್ಕೆ ಹಚ್ಚಿಕೊಂಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳುವುದರಲ್ಲೂ ಇಂಥವು ಸೇರಿರಬಹುದು.

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲೊಂದು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಕಾಲೇಜಿನ ಕೆಲಸಕ್ಕೆ ಅರ್ಜಿ ಹಾಕಿ, ಊರಿಗೆ ಬಂದು ಕೂತಿದ್ದೆ. ಹೊಲದ ಕೆಲಸ ಬರುತ್ತಿರಲಿಲ್ಲ. ಬರುತ್ತಿದ್ದ ಕೆಲಸಕ್ಕೆ ಯಾರೂ ಕರೆಯುತ್ತಿರಲಿಲ್ಲ. ತೊಗರಿ ಒಣಗಿ ಗಲಗಲ ಅನ್ನುತ್ತಿತ್ತು, ಬಿಳಿಜೋಳ ಮೊಣಕಾಲು ದಾಟಿತ್ತು. ಇಡೀ ಊರಿಗೆ ಕೈತುಂಬ ಕೆಲಸವಿದ್ದ ಆ ದಿನಗಳಲ್ಲಿ ಐತವಾರದ ಮುಂಜಾನೆ ಮಾತ್ರ ಒಂದು ನರಪಿಳ್ಳೆಯೂ ಹೊಲದಲ್ಲಿ ಇರುತ್ತಿರಲಿಲ್ಲ. ಎಲ್ಲರೂ ಪಂಚಾಯ್ತಿಯ ಕೋಣೆಯಲ್ಲಿ. ಸರ್ಕಾರ ಕೊಟ್ಟ ಟಿ.ವಿ. ಅಲ್ಲಿ ಮರದ ಪೆಟ್ಟಿಗೆಯೊಳಗೆ ಬೀಗ ಹಾಕಿಸಿಕೊಂಡು ಕೂತಿತ್ತು. ಆಗ ಇದ್ದದ್ದು ಒಂದೇ ಚಾನೆಲ್ಲು. ಅದರಲ್ಲಿ ಐತವಾರ ಹಿಂದಿಯ ಒಂದು ಪೊಲೀಸ್ ಧಾರಾವಾಹಿ. ಒಂದು ಖೂನಿ ಆಗುತ್ತಿತ್ತು; ಅದರ ತನಿಖೆ ಆರೋ ಏಳೋ ವಾರ ನಡೆದು, ಖೂನಿ ಮಾಡಿದವರು ಸಿಕ್ಕಿ, ಮತ್ತೊಂದು ಖೂನಿ ಶುರುವಾಗುತ್ತಿತ್ತು.

ನಮ್ಮ ಕಡೆಯವರಿಗೆ ಹಿಂದಿ ಅರ್ಧ ಬರುತ್ತದೆ. ನಿಜಾಮರ ಕಾಲದಿಂದ ಬಾಯಲ್ಲಿ ಉಳಿದ ಉರ್ದು, ಸಂತೆಯಲ್ಲಿ ಕಲಿತದ್ದು, ಸೋಲಾಪುರಕ್ಕೆ ಹೋಗಿಬಂದು ಕಲಿತದ್ದು. ಆದರೆ ಟಿ.ವಿ.ಯ ಹಿಂದಿ ದೆಹಲಿಯದು, ಓಡುವ ಹಿಂದಿ. ಒಂದು ಮಾತು ತಿಳಿಯುವಷ್ಟರಲ್ಲಿ ಮೂರು ಮಾತು ದಾಟಿರುತ್ತಿದ್ದವು. ಅದಕ್ಕೆ ನಮ್ಮೂರು ಒಂದು ದಾರಿ ಹುಡುಕಿಕೊಂಡಿತ್ತು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದಾಗ ಒಬ್ಬರು ಪದ್ಯ ಓದುತ್ತಾರೆ, ಪಕ್ಕದಲ್ಲಿ ಕೂತವರು ಅರ್ಥ ಹೇಳುತ್ತಾರೆ. ಅದೇ ಪದ್ಧತಿಯನ್ನು ಟಿ.ವಿ.ಗೂ ತಂದರು. ಓದುವುದು ಟಿ.ವಿ.ಯ ಕೆಲಸ. ಅರ್ಥ ಹೇಳುವವರು ಮಠದಲ್ಲಿ ಹೇಳುತ್ತಿದ್ದ ಶಿವಶರಣಪ್ಪ ಮಾಸ್ತರರೇ. ಹುಡುಗರಾಗಿದ್ದಾಗ ಉರ್ದುವಿನಲ್ಲಿ ಓದಿ, ಅಫಜಲಪುರದ ಕಡೆ ಕನ್ನಡ ಕಲಿಸಿ ನಿವೃತ್ತರಾದವರು. ಟಿ.ವಿ.ಯ ಎಡಕ್ಕೆ ಅವರಿಗೆಂದು ಒಂದು ಕುರ್ಚಿ. ಪುರಾಣದಲ್ಲಿ ಮಾಡುತ್ತಿದ್ದಂತೆ ಇಲ್ಲೂ ಅವರು ಒಂದು ಮಾತಿಗೆ ನಾಲ್ಕು ಮಾತು ಸೇರಿಸುತ್ತಿದ್ದರು. ಜನರಿಗೆ ಅದೇ ಬೇಕಿತ್ತು.

ಆ ಧಾರಾವಾಹಿಯ ಒಂದು ಮಾತೂ ನನಗೆ ಹಿಂದಿಯಲ್ಲಿ ನೆನಪಿಲ್ಲ. ದೆಹಲಿಯ ಇನ್ಸ್‌ಪೆಕ್ಟರ್ ನನ್ನ ತಲೆಯಲ್ಲಿ ಅಫಜಲಪುರದ ಕನ್ನಡ ಮಾತಾಡುತ್ತಾನೆ, ಅದೂ ಎಲೆ ಅಡಿಕೆ ಹಾಕಿದ ಬಾಯಿಂದ.

ಒಂದು ವಾರ ಆ ಇನ್ಸ್‌ಪೆಕ್ಟರೇ ಬದಲಾದ. ದಪ್ಪ ಮೀಸೆಯ ನಟನ ಜಾಗಕ್ಕೆ ಮೀಸೆಯಿಲ್ಲದ, ತೆಳ್ಳಗಿನ ಬೇರೊಬ್ಬ ಬಂದ. ಕೋಣೆಯಲ್ಲಿ ಗದ್ದಲವೆದ್ದಿತು.

"ಇವ ಯಾಂವ್ರಿ ಮಾಸ್ತರ? ನಮ್ಮ ಇನ್ಸ್‌ಪೆಕ್ಟರ ಎಲ್ಲಿ ಹ್ವಾದ?" ಎಂದು ಹಿಟ್ಟಿನ ಗಿರಣಿಯ ಮಲ್ಲಪ್ಪ ಎದ್ದು ನಿಂತು ಕೇಳಿದ.

ಮಾಸ್ತರರು ಗಡಬಡಿಸಲಿಲ್ಲ. "ಅವರಿಗಿ ವರ್ಗಾ ಆಗ್ಯದ. ಇವರು ಹೊಸದಾಗಿ ಚಾರ್ಜ್ ತಗೊಂಡಾರ."

"ಮತ್ತ ಎಲ್ಲಾರೂ ಹಳೇ ಹೆಸರ್ಲೇ ಕರ್ಯಾಕತ್ತಾರಲ್ರಿ?"

"ಹೆಸರೂ ಅದೇ ಅದಪ್ಪಾ. ಊರಾಗ ಇಬ್ಬರು ಮಲ್ಲಪ್ಪ ಇರಂಗಿಲ್ಲೇನು?"

ಊರಲ್ಲಿ ಇಬ್ಬರಲ್ಲ, ಐದಾರು ಮಲ್ಲಪ್ಪಗಳಿದ್ದರು. ಮಾತು ಮುಗಿಯಿತು. ಆದರೆ ಹೊಸಬನನ್ನು ಊರು ಒಪ್ಪಲಿಲ್ಲ. ಅವನು ಬಾಯಿ ತೆಗೆದರೆ ಹಿಂದಿನಿಂದ ಯಾರೋ ಕೆಮ್ಮುತ್ತಿದ್ದರು. "ಮೀಸಿ ಇಲ್ಲದವ ಏನ್ ಖೂನಿ ಹಿಡೀತಾನ, ಕ್ವಾಳಿ ಹಿಡೀಲಿ" ಎಂದು ನಮ್ಮವ್ವ ಕೂಡ ಮನೆಗೆ ಬಂದು ಬೈದಳು. ಧಾರಾವಾಹಿ ಮೊದಲಿನಂತಿಲ್ಲ, ಕೆಟ್ಟಿತು ಎಂದು ಅಂದಿನಿಂದ ಎಲ್ಲರೂ ಹೇಳತೊಡಗಿದರು. ಹೇಳುತ್ತಲೇ ಐತವಾರ ಮತ್ತೆ ಬಂದು ಕೂಡುತ್ತಿದ್ದರು, ಮೊದಲಿಗಿಂತ ಬೇಗ.

ಆ ಹೊಸಬನ ಕೈಗೆ ಬಂದ ಖೂನಿ ಭಾವಿಯದು. ಒಂದು ದೊಡ್ಡ ಹವೇಲಿ, ಹವೇಲಿಯ ಹಿಂದೆ ಮೆಟ್ಟಿಲು ಇಳಿದು ಹೋಗುವ ಪಾವಟಿಗೆಯ ಭಾವಿ, ಭಾವಿಯಲ್ಲಿ ಜಮೀನ್ದಾರನ ಹೆಣ. ಅವನ ಹೆಂಡತಿ ಪಟ್ಟಣದಿಂದ ಬಂದ ಹರೆಯದ ಹೆಣ್ಣು, ಮಕ್ಕಳಿಲ್ಲ. ಹೆಣ ತೇಲಿದ್ದನ್ನು ತೋರಿಸಿದ ಕೂಡಲೆ ಕೋಣೆಯೊಳಗಿನ ಒಂದೊಂದೇ ತಲೆ ಬಾಗಿಲ ಕಡೆ ತಿರುಗಿತು. ಬಾಗಿಲ ಹೊಸ್ತಿಲ ಹತ್ತಿರ ಕಸ್ತೂರಿಬಾಯಿ ಕೂತಿದ್ದಳು.

ಕಸ್ತೂರಿಬಾಯಿಯ ಗಂಡ ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ತಮ್ಮದೇ ಹೊಲದ ಭಾವಿಗೆ ಬಿದ್ದು ಸತ್ತಿದ್ದ. ಮೋಟರಿನ ಪೈಪು ಬಿಚ್ಚಲು ಇಳಿದವನು ಜಾರಿದ. ಪೊಲೀಸರು ಬಂದರು, ಪಂಚನಾಮೆ ಮಾಡಿದರು, ಕಾಲುಜಾರಿ ಸತ್ತಿದ್ದಾನೆಂದು ಬರೆದುಕೊಂಡು ಹೋದರು. ಊರೂ ಹಾಗೇ ಹೇಳಿತು, ಅತ್ತಿತು, ಮಣ್ಣು ಕೊಟ್ಟಿತು. ಅವಳು ಸೋಲಾಪುರದವಳು, ಮಿಲ್ಲಿನ ಚಾಳಿನಲ್ಲಿ ಬೆಳೆದವಳು. ಅಲ್ಲಿಗೆ ಹೋಗಿ ಹೆಣ್ಣು ನೋಡಿ, ಮಾತು ಕೊಟ್ಟು, ಈ ಮನೆಗೆ ತಂದು ಮದುವೆ ಮಾಡಿಸಿದವರು ಶಿವಶರಣಪ್ಪ ಮಾಸ್ತರರು. ಮಕ್ಕಳಾಗಿರಲಿಲ್ಲ. ಗಂಡ ಸತ್ತ ಮೇಲೆ ಅವಳು ಗಂಡನ ಪಾಲು ಕೇಳಿದಳು. ಕಪ್ಪುಮಣ್ಣಿನ ಒಣಭೂಮಿಯಲ್ಲಿ ಅರ್ಧ, ಭಾವಿಯ ಕೆಳಗಿನ ಕಬ್ಬಿನಲ್ಲಿ ಅರ್ಧ. ಗಂಡನ ಅಣ್ಣ ಸಿದ್ದರಾಮಪ್ಪ, ಮಕ್ಕಳಿಲ್ಲದವಳಿಗೆ ಹೊಲ ಯಾಕೆ, ತವರಿಗೆ ಹೋಗಲಿ, ವರ್ಷಕ್ಕೆ ಕಾಳು ಕಳಿಸುತ್ತೇನೆ ಎಂದ. ತೊಗರಿಯ ರಾಶಿ ಮುಗಿದ ಮೇಲೆ ಹಿರಿಯರು ಕೂತು ತೀರ್ಮಾನಿಸುವುದೆಂದು ಆಗಿತ್ತು. ಹಿರಿಯರಲ್ಲಿ ಮಾಸ್ತರರೂ ಒಬ್ಬರು.

ಆ ಐತವಾರ ಮನೆಗೆ ಬಂದ ಅವ್ವ ಸೆರಗು ಕೊಡವುತ್ತ, "ಆಕೀನೇ ಕೊಂದಾಳ" ಅಂದಳು.

"ಯಾರಬೇ?"

"ಹವೇಲ್ಯಾಕಿ. ಮತ್ಯಾರು?"

ಎರಡು ದಿನ ಕಳೆಯುವಷ್ಟರಲ್ಲಿ ಆ 'ಆಕಿ' ಯಾರು ಎಂಬುದು ಮಸುಕಾಗಿತ್ತು. ರೊಟ್ಟಿ ಬಡಿಯುತ್ತ ಅವ್ವ ಹೇಳಿದಳು: "ಗಂಡ ಸತ್ತ ಮಾರಿ ಅಂದ್ರ ಹಂಗ ಇರ್ತದೇನು? ಅತ್ತದ್ದೇ ಕಂಡಿಲ್ಲ ನಾ."

"ಟಿ.ವಿ.ಯಾಗ ಭಾಳ ಅತ್ತಾಳಲ್ಲ ಆಕಿ?"

"ನಾ ಟಿ.ವಿ.ದು ಹೇಳಾಕತ್ತಿಲ್ಲ."

ನಾನು ವಾದ ಮಾಡಿದೆ. ಸಾಕ್ಷಿ ಅಂದರೇನು, ಕಟ್ಟುಕಥೆ ಅಂದರೇನು, ಮುಂಬಯಿಯಲ್ಲಿ ಕೂತು ಯಾರೋ ಬರೆದದ್ದಕ್ಕೂ ನಮ್ಮೂರ ಭಾವಿಗೂ ಏನು ಸಂಬಂಧ ಎಂದು ಎಂ.ಎ. ಕನ್ನಡದಲ್ಲಿ ಕೇಳಿದೆ. ಅವ್ವ ರೊಟ್ಟಿ ತಿರುವಿ ಹಾಕಿ, "ಬರದವನಿಗಿ ಏನೂ ಗೊತ್ತಿಲ್ಲದೇ ಬರ್ದಾನೇನು?" ಅಂದಳು.

ಎರಡನೆಯ ವಾರದಿಂದ ಮಾಸ್ತರರ ಅರ್ಥ ಜಾರತೊಡಗಿತು. ಹವೇಲಿಯ ಹೆಂಡತಿ ಕತ್ತಲಲ್ಲಿ ಒಬ್ಬ ಗಂಡಸಿನೊಡನೆ ಪಿಸುಮಾತಾಡುವ ದೃಶ್ಯ ಬಂತು. ಮಾಸ್ತರರು, "ತವರುಮನಿ ಅಣ್ಣ. ತಾಯಿಗಿ ಅರಾಮಿಲ್ಲಂತ ಹೇಳಾಕ ಬಂದಾನ" ಅಂದರು. ಅವಳು ಒಂದು ಶೀಶೆ ಕೊಂಡಳು. "ಎಣ್ಣಿ. ದೀಪಕ್ಕ." ಅವಳು ಗಂಡನ ತಿಜೋರಿ ತೆಗೆದಳು. "ಸತ್ತ ಗಂಡನ ಫೋಟೋ ಹುಡುಕಾಕತ್ತಾಳ ಪಾಪ." ನನಗೆ ಬರುತ್ತಿದ್ದ ಹಿಂದಿಯಲ್ಲಿ ಅಲ್ಲಿ ಅಣ್ಣನೂ ಇರಲಿಲ್ಲ, ತಾಯಿಯೂ ಇರಲಿಲ್ಲ, ದೀಪವಂತೂ ಇರಲೇ ಇಲ್ಲ. ಮಾಸ್ತರರು ಯಾಕೆ ಹೀಗೆ ಮಾಡುತ್ತಿದ್ದಾರೆಂದು ಮೊದಲ ದಿನ ತಿಳಿಯಲಿಲ್ಲ. ಹೊಸ್ತಿಲ ಹತ್ತಿರ ಕಸ್ತೂರಿಬಾಯಿ ತಲೆ ತಗ್ಗಿಸಿದ್ದನ್ನು ನೋಡಿದ ಮೇಲೆ ತಿಳಿಯಿತು. ಚಾಳಿನಲ್ಲಿ ಹಿಂದಿ ಸಿನಿಮಾ ನೋಡುತ್ತ ಬೆಳೆದ ಹೆಣ್ಣು. ಮಾಸ್ತರರನ್ನು ಬಿಟ್ಟರೆ ಆ ಕೋಣೆಯಲ್ಲಿ ಟಿ.ವಿ.ಯ ಮಾತೂ ಮಾಸ್ತರರ ಮಾತೂ ಎರಡೂ ಪೂರ್ತಿ ತಿಳಿಯುತ್ತಿದ್ದದ್ದು ಅವಳೊಬ್ಬಳಿಗೇ.

ಆದರೆ ಅರ್ಧ ಹಿಂದಿ ಬರುವವರನ್ನು ಮೋಸ ಮಾಡುವುದು ಕಷ್ಟ. ಏನೂ ಬರದವರು ನಂಬುತ್ತಾರೆ. ಅರ್ಧ ಬರುವವರು ಕಾಯುತ್ತಾರೆ. ಮೂರನೆಯ ವಾರ ಟಿ.ವಿ.ಯಲ್ಲಿ 'ಜಹರ್' ಎಂಬ ಮಾತು ಬಂತು. ಅದು ನಮ್ಮೂರ ಕೂಸಿಗೂ ಗೊತ್ತಿದ್ದ ಮಾತು.

"ಜಹರ್ ಅಂದ್ಲಲ್ರಿ ಮಾಸ್ತರ," ಅಂದ ಮಲ್ಲಪ್ಪ.

"ಹೆಗ್ಗಣಕ್ಕ ಇಡಾಕ."

"ಯಾವ ಹೆಗ್ಗಣಕ್ಕ? ಎರಡು ಕಾಲಿಂದಕ್ಕೋ?"

ಜನ ನಕ್ಕರು. ಆ ನಗೆ ಹಿತವಾದ ನಗೆಯಲ್ಲ. ಮಲ್ಲಪ್ಪ ನಗಲಿಲ್ಲ. "ಮಾಸ್ತರ, ನೀವು ಸಾಹೇಬ್ರಿಗಿ ವರ್ಗಾ ಆಗ್ಯದ ಅಂದ್ರಿ, ನಂಬಿದೆವು. ಅರ್ಥ ಹೇಳ್ರಿ, ವಕಾಲತ್ ಮಾಡಬ್ಯಾಡ್ರಿ" ಅಂದ.

ಅಂದಿನಿಂದ ಕೋಣೆಯ ಗಾಳಿ ಕೆಟ್ಟಿತು. ಹವೇಲಿಯ ಹೆಂಡತಿ ತೆರೆಯ ಮೇಲೆ ಬಂದರೆ ಹೆಂಗಸರು ನೆಟಿಗೆ ಮುರಿಯುತ್ತಿದ್ದರು. ಅವಳು ಒಮ್ಮೆ ಕನ್ನಡಿಯ ಮುಂದೆ ನಿಂತು ಸಣ್ಣಗೆ ನಕ್ಕಾಗ ಹಿಂದಿನಿಂದ ಒಂದು ಚಪ್ಪಲಿ ಹಾರಿಬಂದು ಟಿ.ವಿ.ಯ ಪೆಟ್ಟಿಗೆಗೆ ಬಡಿಯಿತು. ಯಾರು ಎಸೆದದ್ದೆಂದು ಯಾರೂ ಕೇಳಲಿಲ್ಲ. ಕೋಣೆಯಿಂದ ಹೊರಬಂದ ಮೇಲೆ ಬೈಗುಳಕ್ಕೆ ಬೇರೆ ಗುರಿ ಬೇಕಿತ್ತು. ಗಿರಣಿಯಲ್ಲಿ ಕಸ್ತೂರಿಬಾಯಿಯ ಜೋಳದ ಡಬ್ಬಿ ಹಿಂದೆ ಹಿಂದೆ ಸರಿಯತೊಡಗಿತು. ಅವಳು ಕೊಟ್ಟ ಮಜ್ಜಿಗೆಯನ್ನು ಪಕ್ಕದ ಮನೆಯವಳು ನೆಲಕ್ಕೆ ಚೆಲ್ಲಿದಳು. ಚೆಲ್ಲಿದ್ದನ್ನು ನಾನೇ ಕಂಡೆನೋ, ಅವ್ವ ಹೇಳಿದ್ದನ್ನು ಕಂಡಂತೆ ಇಟ್ಟುಕೊಂಡಿದ್ದೇನೋ, ಆಣೆ ಮಾಡಿ ಹೇಳಲಾರೆ. ಮಜ್ಜಿಗೆ ಬಿದ್ದ ಮಣ್ಣು ಬೆಳ್ಳಗೆ ಕಾಣುತ್ತದೆ, ಅಷ್ಟೇ.

ಇಷ್ಟರಲ್ಲಿ ತೊಗರಿಯ ರಾಶಿ ಮುಗಿಯಿತು. ಹಿರಿಯರು ಕೂಡುವ ದಿನ ಬಂತು. ಸಿದ್ದರಾಮಪ್ಪ ಎಲ್ಲರ ಮನೆಗೂ ಹೋಗಿ ಕೈಮುಗಿದ. "ಗಡಬಡಿ ಏನದ್ರಿ? ಇನ್ನ ಎರಡು ಮೂರು ವಾರ ತಡೀರಿ. ಎಲ್ಲಾ ಸಾಫ್ ಆಗ್ತದ, ಆಮ್ಯಾಲ ಫೈಸಲಾ ಮಾಡಿರಂತ" ಅಂದ. ಏನು ಸಾಫ್ ಆಗುತ್ತದೆಂದು ಅವನು ಹೇಳಲಿಲ್ಲ. ಹಿರಿಯರೂ ಕೇಳಲಿಲ್ಲ. ಎರಡು ಮೂರು ವಾರವೆಂದರೆ ಭಾವಿಯ ಖೂನಿ ಮುಗಿಯುವಷ್ಟು ಹೊತ್ತು. ಆಸ್ತಿಯ ಪಂಚಾಯ್ತಿಯನ್ನು ಧಾರಾವಾಹಿಯೊಂದರ ಕೊನೆಯ ಕಂತಿಗಾಗಿ ಮುಂದೂಡಿದ ಊರು ಭೂಮಿಯ ಮೇಲೆ ನಮ್ಮದೊಂದೇ ಇರಬೇಕು. ಇತಿಹಾಸ ಓದಿದವನಾಗಿ ಹೇಳುತ್ತಿದ್ದೇನೆ, ಇದಕ್ಕೆ ನನ್ನಲ್ಲಿ ದಾಖಲೆಯಿಲ್ಲ. ಯಾರ ಬಾಯಿಂದಲೂ ಆ ಮಾತು ಬರಲಿಲ್ಲ. ಬಾರದೆಯೇ ಎಲ್ಲರಿಗೂ ತಿಳಿದಿತ್ತು.

ನಾನು ಮಾಸ್ತರರ ಮನೆಗೆ ಹೋದೆ. ಅಂಗಳದಲ್ಲಿ ಕಟ್ಟಿಗೆಯ ಕುರ್ಚಿ ಹಾಕಿಕೊಂಡು ಬಿಸಿಲು ಕಾಯುತ್ತಿದ್ದರು.

"ನೀವು ಸುಳ್ಳ ಅರ್ಥ ಹೇಳಾಕತ್ತೀರಿ ಮಾಸ್ತರ."

"ಹೌದು."

ಇಷ್ಟು ಬೇಗ ಒಪ್ಪುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. "ಯಾಕ್ರಿ?" ಅಂದೆ.

"ಸೋಲಾಪುರದಾಗ ಆಕಿ ಅಪ್ಪನ ಮುಂದ ಕುಂತು ನಾ ಮಾತು ಕೊಟ್ಟೀನಿ. ನಿನ್ನ ಮಗಳು ನಮ್ಮೂರಾಗ ಮಾನಾದಿಂದ ಬಾಳತಾಳ ಅಂತ. ಅಂವ ಸತ್ತ. ಇವರು ಆಕೀನ್ನ ಖೂನಿ ಮಾಡಿದಾಕಿ ಮಾಡಿ ಬಸ್ ಹತ್ತಿಸಾಕ ನಿಂತಾರ. ಪಾಲೂ ಹೋತು, ಮಾನಾನೂ ಹೋತು. ಟಿ.ವಿ.ಯಾಗಿನಾಕಿ ಚೊಲೊ ಹೆಣಮಗಳು ಅಂತ ಆದ್ರ ಇವರು ಸುಮ್ನಾಗ್ತಾರ. ಅದಕ್ಕ."

"ಕಡೀ ವಾರ ಆಕೀನೇ ಕೊಂದಾಳಂತ ತೋರಿಸಿದ್ರ?"

ಮಾಸ್ತರರು ಎಲೆಗೆ ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟುಕೊಂಡರು. "ಹಂಗ ತೋರಸಂಗಿಲ್ಲ ತಗೋ. ತೋರ್ಸಿದ್ರ ನೋಡೂಣಂತ" ಅಂದರು. ಜೀವಮಾನವೆಲ್ಲ ಪುರಾಣಕ್ಕೆ ಅರ್ಥ ಹೇಳಿದ ಮನುಷ್ಯ. ಕೊನೆಗೆ ಒಳ್ಳೆಯದೇ ಆಗುತ್ತದೆಂದು ಅವರಿಗೆ ರೂಢಿಯಾಗಿತ್ತು.

ಕಸ್ತೂರಿಬಾಯಿಯನ್ನೂ ಕಂಡೆ. ಹೊಲದ ದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದಳು. ಆಳಂದದ ಕೋರ್ಟಿಗೆ ಹೋಗ್ರಿ ವೈನಿ, ಕಾಯಿದೆ ನಿಮ್ಮ ಕಡೆ ಅದ, ಅರ್ಜಿ ನಾ ಬರಕೊಡ್ತೇನಿ ಅಂದೆ. ಅವಳು ಹೊರೆ ಇಳಿಸಲಿಲ್ಲ.

"ಕೋರ್ಟಿನವ್ರು ಬಂದು ನನ್ನ ಕಬ್ಬಿಗಿ ನೀರು ಬಿಡ್ತಾರೇನ್ರಿ? ಭಾಂವಿ ಒಂದೇ ಅದ. ಮೋಟರ್ ಚಾಲೂ ಮಾಡಾಕ ಭಾವನ ಮನಿ ಮುಂದೇ ಹೋಗಬೇಕು. ಊರ ಮಂದಿ ಮುಂದ ಆಗಬೇಕ್ರಿ ಇದು."

"ಮಂದಿ ಏನಂತಾರ ಗೊತ್ತದೇನು?"

"ನನಗೇನು ಕಿವಿ ಇಲ್ಲೇನ್ರಿ?"

"ಮತ್ತ ಐತಾರ ಐತಾರ ಯಾಕ ಬರ್ತೀರಿ ಅಲ್ಲಿಗಿ?"

"ಬರದಿದ್ರ ಹೆದರ್ಯಾಳ ಅಂತಾರ," ಎಂದು ಅವಳು ಮುಂದೆ ನಡೆದಳು.

ಕೊನೆಯದಕ್ಕಿಂತ ಹಿಂದಿನ ವಾರ ಸಿದ್ದರಾಮಪ್ಪ ಜೇವರ್ಗಿಯಿಂದ ತನ್ನ ಷಡ್ಡಕನನ್ನು ಕರೆತಂದ. ಹೆಂಡತಿಯ ತಂಗಿಯ ಗಂಡ. ಮಿಲಿಟರಿಯಲ್ಲಿದ್ದು ಬಂದವನು, ಹಿಂದಿ ನೀರು ಕುಡಿದಂತೆ ಬರುತ್ತದೆಂದು ಸಿದ್ದರಾಮಪ್ಪ ಹೇಳಿದ. ಟಿ.ವಿ.ಯ ಬಲಕ್ಕೆ ಅವನಿಗೂ ಒಂದು ಕುರ್ಚಿ ಬಂತು. ಮಠದ ಪುರಾಣದಲ್ಲಿ ಎಂದೂ ಆಗದ್ದು ಅಂದು ಆಯಿತು. ಒಂದು ಪದ್ಯಕ್ಕೆ ಇಬ್ಬರು ಅರ್ಥ ಹೇಳಲು ಕೂತರು. ಹವೇಲಿಯ ಹೆಂಡತಿ ಬಾಯಿ ತೆರೆದಳು. "ದೇವರ ಆಣಿ, ನಾ ಏನೂ ಮಾಡಿಲ್ಲ ಅಂತಾಳ" ಅಂದರು ಮಾಸ್ತರರು. "ಸುಳ್ಳ. ಯಾರಿಗಾದ್ರೂ ಹೇಳಿದ್ರ ನಿನ್ನೂ ಮುಗಸ್ತೇನಿ ಅಂತಾಳ" ಅಂದ ಷಡ್ಡಕ. ಅವಳು ಆಳಿಗೆ ಚಹಾ ತರಲು ಹೇಳುತ್ತಿದ್ದಳು. ಇಬ್ಬರೂ ದನಿ ಏರಿಸಿದರು. ಎಡಗಡೆ ಕೂತವರು ಒಂದು ಕಥೆ ನೋಡಿದರು, ಬಲಗಡೆ ಕೂತವರು ಇನ್ನೊಂದು. ಮುಗಿದ ಮೇಲೆ ಹೊರಗೆ ಜನ ಕೈಕೈ ಮಿಲಾಯಿಸಿದರು. ಮಲ್ಲಪ್ಪನ ಅಂಗಿ ಹರಿಯಿತು. ಮಾಸ್ತರರನ್ನು ಅವರ ವಯಸ್ಸಿಗಿಂತ ಅರ್ಧ ವಯಸ್ಸಿನವನೊಬ್ಬ "ಏ ಮುದುಕಾ" ಅಂದ. ಆ ಊರಲ್ಲಿ ಅವರನ್ನು ಹಾಗೆ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಇತ್ತೀಚೆಗೆ ಕಂಪ್ಯೂಟರಿನಲ್ಲಿ ಆ ಧಾರಾವಾಹಿಯನ್ನು ಹುಡುಕಿದೆ. ಹಳೆಯ ಕಂತುಗಳನ್ನು ಯಾರೋ ಹಾಕಿದ್ದಾರೆ. ಮೀಸೆಯ ಇನ್ಸ್‌ಪೆಕ್ಟರ್ ಸಿಕ್ಕ. ಮೀಸೆಯಿಲ್ಲದವನೂ ಸಿಕ್ಕ. ಭಾವಿಯ ಖೂನಿ ಸಿಗಲಿಲ್ಲ. ಭಾವಿ ಇರುವ ಒಂದು ಕಂತಿತ್ತು, ಅದರಲ್ಲಿ ಸತ್ತದ್ದು ಮುದುಕಿ. ಹಾಗಾದರೆ ಎರಡು ಕಥೆಗಳನ್ನು ಕೂಡಿಸಿಕೊಂಡದ್ದು ನಾನೋ, ಊರೋ, ಮಾಸ್ತರರೋ? ಎಲ್ಲ ಕಂತುಗಳೂ ಉಳಿದಿಲ್ಲವೆಂದು ಕೆಳಗೆ ಯಾರೋ ಬರೆದಿದ್ದರು. ಅದನ್ನು ನಂಬಿ ಕಂಪ್ಯೂಟರ್ ಮುಚ್ಚಿದೆ.

ಕೊನೆಯ ಕಂತಿನ ದಿನ ಕೋಣೆ ಸಾಲಲಿಲ್ಲ. ಕಿಟಕಿಗಳ ಸರಳುಗಳಿಗೆ ಜನ ಜೋತುಬಿದ್ದಿದ್ದರು. ಪಕ್ಕದ ಊರುಗಳಿಂದಲೂ ಬಂದಿದ್ದರು, ಅವರೂ ಟಿ.ವಿ. ನೋಡುವುದು ಬಿಟ್ಟು ಹೊಸ್ತಿಲ ಕಡೆ ನೋಡುತ್ತಿದ್ದರು. ಸಿದ್ದರಾಮಪ್ಪ ಬಿಳಿಯ ಅಂಗಿ ಹಾಕಿ ಹಿರಿಯರ ಸಾಲಿನಲ್ಲಿ ಕೂತಿದ್ದ. ಕಸ್ತೂರಿಬಾಯಿ ಎಂದಿನ ಜಾಗದಲ್ಲೇ ಇದ್ದಳು. ಅವಳ ಸುತ್ತ ಒಂದಿಷ್ಟು ನೆಲ ಖಾಲಿ ಬಿಟ್ಟು ಹೆಂಗಸರು ಒತ್ತೊತ್ತಾಗಿ ಕೂತಿದ್ದರು. ನಮ್ಮವ್ವನೂ.

ಮೀಸೆಯಿಲ್ಲದ ಇನ್ಸ್‌ಪೆಕ್ಟರ್ ಹವೇಲಿಯ ಹೆಂಡತಿಯ ಎದುರು ಕೂತ. ಅವಳು ನೆಲ ನೋಡುತ್ತ ಮಾತು ಶುರುಮಾಡಿದಳು. ಉದ್ದನೆಯ ಮಾತು, ನಡುವೆ ಬಿಕ್ಕು, ಮತ್ತೆ ಮಾತು. ಜೇವರ್ಗಿಯವನು "ಒಪ್ಕೊಳ್ಳಾಕತ್ತಾಳ, ನೋಡ್ರಿ, ಒಪ್ಕೊಳ್ಳಾಕತ್ತಾಳ" ಎಂದು ಅದನ್ನೇ ಹೇಳುತ್ತ ಉಳಿದ. ಮುಂದಿನ ಮಾತು ಅವನಿಗೆ ಹತ್ತುತ್ತಿರಲಿಲ್ಲ. ಜನ ಎಡಕ್ಕೆ ನೋಡಿದರು. ಮಾಸ್ತರರ ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಅಷ್ಟು ಸ್ಪಷ್ಟವಾದದ್ದಕ್ಕೆ ಬೇರೆ ಅರ್ಥ ಕಟ್ಟಲು ಅವರಿಂದ ಆಗಲಿಲ್ಲ. ಇದ್ದ ಅರ್ಥ ಹೇಳಲೂ ಆಗಲಿಲ್ಲ.

"ಹೇಳ್ರಿ ಮಾಸ್ತರ. ಈಗ ಹೇಳ್ರಿ," ಎಂದು ಹಿಂದಿನಿಂದ ಮಲ್ಲಪ್ಪ ಕೂಗಿದ.

ಕಸ್ತೂರಿಬಾಯಿ ಎದ್ದು ನಿಂತಳು.

"ನಾ ಹೇಳ್ತೇನಿ" ಅಂದಳು. "ಗಂಡನ್ನ ನಾನೇ ನೂಕಿನಿ ಅಂತ ಹೇಳಾಕತ್ತಾಳ. ಭಾಂವಿ ಪಾವಟಗಿ ಮ್ಯಾಲ ನಿಂತಿದ್ದನಂತ. ಹಿಂದಿನಿಂದ ಹೋಗಿ ನೂಕಿದಳಂತ."

ಅವಳು ಟಿ.ವಿ.ಯ ಕಡೆ ಕಿವಿ ಕೊಟ್ಟು, ಅಲ್ಲಿ ಮಾತು ನಿಂತಾಗ ಇಲ್ಲಿ ಹೇಳುತ್ತ ಹೋದಳು. ಏನೂ ಸೇರಿಸಲಿಲ್ಲ, ಏನೂ ಬಿಡಲಿಲ್ಲ.

"ಯಾಕ ಅಂತ ಕೇಳಾಕತ್ತಾನ ಇನ್ಸ್‌ಪೆಕ್ಟರ. ಆಸ್ತಿ ಸಲುವಾಗಿ ಅಂತಾಳ. ಮದಿವಿ ಆದ ದಿನದಿಂದ ಅದೇ ಮನಸಿನ್ಯಾಗ ಇತ್ತು ಅಂತಾಳ. ಜಹರ್ ಮೊದಲ ಹಾಕಿದ್ಲಂತ, ಅಂವ ಸಾಯಲಿಲ್ಲಂತ. ಆ ಗಂಡಸು ಆಕಿ ಅಣ್ಣ ಅಲ್ಲ."

ಬೇಡಿ ಹಾಕಿದರು. ಹವೇಲಿಯ ಬಾಗಿಲು ಮುಚ್ಚಿತು. ಹೆಸರುಗಳು ಏರತೊಡಗಿದವು. ಯಾರೋ ಟಿ.ವಿ. ಆರಿಸಿದರು.

ಅವಳು ಕೂಡಲಿಲ್ಲ. ಹಿರಿಯರ ಸಾಲಿನ ಕಡೆ ತಿರುಗಿದಳು. "ಮುಗೀತ್ರಿ. ಕೊಂದಾಕಿ ಆಕಿ. ನಾ ಅಲ್ಲ. ಮಾಸ್ತರು ಇಷ್ಟು ದಿನ ನನ್ನ ಸಲುವಾಗಿ ಆಕೀನ್ನ ಉಳಸಾಕ ನೋಡಿದ್ರು. ಆಕಿ ಉಳದ್ರೇನು, ಜೇಲಿಗಿ ಹೋದ್ರೇನು, ನನಗ ಆಗಬೇಕಾದ್ದೇನದ? ನನ್ನ ಪಾಲಿನ ಮಾತು ಎಂದ ಮಾತಾಡ್ತೀರಿ, ಅಷ್ಟು ಹೇಳ್ರಿ."

ನನಗೆ ನೆನಪಿರುವುದು ಹೀಗೆ. ಅವ್ವನನ್ನು ಅನೇಕ ಸಲ ಕೇಳಿದ್ದೆ. "'ನಾ ಅಲ್ಲ' ಅಂತ ಆಕಿ ಅಂದೇ ಇಲ್ಲ. ಅರ್ಥ ಹೇಳಿ ಕುಂತಳು. ಉಳದದ್ದು ಮಾಸ್ತರ ಹೇಳಿದ್ರು" ಎಂದು ಅವ್ವ ಸಾಯುವವರೆಗೂ ಸಾಧಿಸಿದಳು. ಮಲ್ಲಪ್ಪನ ಪ್ರಕಾರ ಅವಳು ಅಳುತ್ತ ಹೇಳಿದಳು. ನನ್ನ ನೆನಪಿನಲ್ಲಿ ಅವಳ ಕಣ್ಣುಗಳು ಒಣಗಿವೆ. ಅವಳು ಅತ್ತಿರಬಾರದೆಂದು ನನಗೇ ಆಸೆಯಿದ್ದು, ಕಣ್ಣೀರನ್ನು ಒರೆಸಿ ಹಾಕಿರಲೂಬಹುದು. ಭಾವಿಯ ಹತ್ತಿರ ಆ ಬೇಸಿಗೆಯ ದಿನ ಏನಾಯಿತೆಂದು ನಾನು ಕಂಡಿಲ್ಲ. ಆದರೆ ಟಿ.ವಿ.ಯಲ್ಲಿ ಹೆಣ ತೇಲುವವರೆಗೆ ಆ ಊರಿನ ಒಂದು ಬಾಯಿಯೂ ಅವಳನ್ನು ಅನುಮಾನಿಸಿರಲಿಲ್ಲ. ಇದೊಂದರಲ್ಲಿ ನನ್ನ ನೆನಪನ್ನು ಅಲ್ಲಾಡಿಸಲು ಬಂದವರೊಡನೆ ಜಗಳವಾಡುತ್ತೇನೆ.

ಅಂದು ಸಿದ್ದರಾಮಪ್ಪ ಎದ್ದು, "ಇವತ್ತ ಬ್ಯಾಡ್ರಿ, ಮಂದಿ ಭಾಳ ಅದ" ಅಂದ.

ಮಾಸ್ತರರು ಆಗ ಮಾತಾಡಿದರು. "ಎರಡು ಮೂರು ವಾರ ತಡೀರಿ ಅಂದಾಂವ ನೀನೇ. ತಡದೆವು. ಮಂದಿ ಮುಂದೇ ಆಗಲಿ."

ಜನ ಎದ್ದು ಹೋಗಲಿಲ್ಲ. ನ್ಯಾಯದ ಮೇಲಿನ ಪ್ರೀತಿಯಿಂದಲ್ಲ, ಇನ್ನೊಂದು ಕಂತು ಸಿಕ್ಕಿತೆಂದು. ಹಿರಿಯರು ಅಲ್ಲೇ ಕೂತರು. ಮಧ್ಯಾಹ್ನದ ಊಟದ ಹೊತ್ತು ಮೀರುವವರೆಗೆ ಮಾತು ನಡೆಯಿತು. ಅವಳಿಗೆ ಒಣಭೂಮಿಯ ಅರ್ಧ ಸಿಕ್ಕಿತು. ಭಾವಿಯ ಕೆಳಗೆ ಅರ್ಧ ಸಿಗಲಿಲ್ಲ. ಅಂಚಿನ ಒಂದು ಪಟ್ಟಿ, ಅದಕ್ಕೆ ಭಾವಿಯ ನೀರಿನ ಪಾಳಿ. ಸಿದ್ದರಾಮಪ್ಪ ಬಾಯಿ ಮುಚ್ಚಿಕೊಂಡು ಒಪ್ಪಿದ. ಅವನ ಷಡ್ಡಕ ಮಧ್ಯಾಹ್ನದ ಬಸ್ಸಿಗೇ ಜೇವರ್ಗಿಗೆ ಹೋದ. ಯಾರೂ ಅವಳ ಹತ್ತಿರ ಬಂದು ತಪ್ಪಾಯಿತು ಅನ್ನಲಿಲ್ಲ. ಟಿ.ವಿ.ಯವರು ಕಥೆಯನ್ನು ಹದಗೆಡಿಸಿದರು, ಮೊದಲಿನ ಇನ್ಸ್‌ಪೆಕ್ಟರ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಬೈಯುತ್ತ ಮನೆಗೆ ಹೋದರು.

ಮುಂದಿನ ಐತವಾರ ಹೊಸ ಖೂನಿ ಶುರುವಾಯಿತು. ಮಾಸ್ತರರು ಬರಲಿಲ್ಲ, ಅವರ ಕುರ್ಚಿ ಖಾಲಿ ಇತ್ತು. ಆಮೇಲೆಯೂ ಅವರು ಆ ಕೋಣೆಗೆ ಕಾಲಿಡಲಿಲ್ಲ, ಶ್ರಾವಣದಲ್ಲಿ ಮಠಕ್ಕೂ ಬೇರೆಯವರೇ ಬಂದರು. ಟಿ.ವಿ.ಯಲ್ಲಿ ರೈಲು ಓಡಿತು, ಗುಂಡು ಹಾರಿತು, ಯಾರು ಯಾರನ್ನು ಕೊಂದರೆಂದು ಒಬ್ಬರಿಗೂ ತಿಳಿಯಲಿಲ್ಲ. ಒಂದು ವಾರ ಸಹಿಸಿದರು. ಎರಡನೆಯ ವಾರ ಅರ್ಧಕ್ಕೇ ಹೆಂಗಸರು ನಮ್ಮವ್ವನನ್ನು ಎಬ್ಬಿಸಿ ಕಳಿಸಿದರು: ಹೋಗಿ ಕಸ್ತೂರವ್ವನ್ನ ಕರಕೊಂಡು ಬಾ, ಅರ್ಥ ಹೇಳಲಿ. ಒಬ್ಬಳೇ ಹೋಗಲು ಅವ್ವನಿಗೆ ಮುಖವಿರಲಿಲ್ಲ. ನನ್ನನ್ನು ಜೊತೆಗೆ ಎಳೆದುಕೊಂಡು ಹೋದಳು.

ಕಸ್ತೂರಿಬಾಯಿ ತನ್ನ ಪಟ್ಟಿಯಲ್ಲಿ ಕಬ್ಬಿನ ಒಣಗರಿ, ರವದಿ, ಸುಲಿಯುತ್ತಿದ್ದಳು. ಕಾಲುವೆಯಲ್ಲಿ ನೀರು ಬರುತ್ತಿತ್ತು. ಅಂದು ಅವಳ ಪಾಳಿ ಇರಬೇಕು. ಅವ್ವ ಬದುವಿನ ಮೇಲೆ ನಿಂತು, "ಬಾರ ಯವ್ವಾ, ಎಲ್ಲಾರೂ ಕುಂತಾರ. ಏನ್ ನಡದದ, ಏನ್ ಇಲ್ಲ, ಒಂದೂ ತಿಳಿಯವಲ್ದು. ಯಾರು ಕೊಂದಾರಂತ ನೀನಾರೆ ಹೇಳು ಬಾ" ಅಂದಳು.

ಅವಳು ಸೊಂಟ ನೆಟ್ಟಗೆ ಮಾಡಿ ನಮ್ಮಿಬ್ಬರನ್ನೂ ನೋಡಿದಳು. ಸಿಟ್ಟೂ ಇರಲಿಲ್ಲ, ನಗೆಯೂ ಇರಲಿಲ್ಲ.

"ನಿಮಗ ತಿಳದಂಗ ತಿಳ್ಕೋರಿ," ಅಂದಳು. "ಹ್ವಾದ ಸಲಾನೂ ಹಂಗೇ ತಿಳ್ಕೊಂಡಿದ್ರಿ."

ಮತ್ತೆ ಬಗ್ಗಿ ನೀರನ್ನು ಮುಂದಿನ ಸಾಲಿಗೆ ತಿರುವಿದಳು.